ಮಗನ ಕಠಿಣ ಪದಗಳು

ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕೋಣೆ ಅವಳದು. ಹರಿದ ಹೊದಿಕೆ, ಅಂಚು ಬಿಚ್ಚಿಕೊಂಡ ಪರದೆ, ಗುಂಡಿ ಕಿತ್ತುಹೋದ ಸಮವಸ್ತ್ರ ಎಲ್ಲವೂ ಅಲ್ಲಿಗೆ ಬಂದು ಬೀಳುತ್ತಿದ್ದವು. ಅವಳು ಸರಿಮಾಡಿ ಮೇಲಕ್ಕೆ ಕಳಿಸುತ್ತಿದ್ದಳು. ಕೆಲಸದವರೆಲ್ಲ ಅವಳನ್ನು ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡಾಗ ಮಗ ಇನ್ನೂ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಬಾರದ ಕೂಸು. ಅವನನ್ನು ಸಾಕಿ, ಓದಿಸಿ, ದೊಡ್ಡವನನ್ನಾಗಿ ಮಾಡಿದ್ದು ಆ ಕೋಣೆಯ ದುಡಿಮೆ.

ಮಗ ಇಂಗ್ಲಿಷ್ ಮೇಷ್ಟ್ರಾದ. ಎಲ್ಲರೂ ಕಲಿಸುವ ಇಂಗ್ಲಿಷ್ ಅಲ್ಲ. ದೊಡ್ಡ ಪರೀಕ್ಷೆಗಳನ್ನು ಬರೆಯುವವರಿಗೆ, ಸಂದರ್ಶನಕ್ಕೆ ಹೋಗುವವರಿಗೆ ಬೇಕಾದ ಕಠಿಣ ಪದಗಳನ್ನು ಮಾತ್ರ ಅವನು ಕಲಿಸುತ್ತಿದ್ದ. ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ತರಗತಿ. ಬೋರ್ಡಿನ ಮೇಲೆ ಒಂದು ಪದ ಬರೆದು, ಅದರ ಅರ್ಥ ಹೇಳಿ, ಅದನ್ನು ಬಳಸಿ ಒಂದು ವಾಕ್ಯ ಕಟ್ಟಿ, ಇಡೀ ತರಗತಿಯ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುತ್ತಿದ್ದ. ವರ್ಷಗಟ್ಟಲೆ ಹೀಗೆ ಹೇಳಿಸಿದ ಪದಗಳನ್ನೆಲ್ಲ ಸೇರಿಸಿ ಒಂದು ದಪ್ಪ ಪುಸ್ತಕವನ್ನೂ ಅಚ್ಚು ಹಾಕಿಸಿದ್ದ. ಪುಸ್ತಕ ಮನೆಗೆ ಬಂದ ದಿನ ತಾಯಿ ಕೈ ತೊಳೆದುಕೊಂಡು ಬಂದು ಅದರ ರಟ್ಟನ್ನು ಸವರಿ ನೋಡಿದ್ದಳು. "ಹೊಲಿಗೆ ಗಟ್ಟಿಯಾಗಿದೆ" ಎಂದಿದ್ದಳು. ಮಗ ನಕ್ಕಿರಲಿಲ್ಲ. ಅದನ್ನು ಅವಳ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟಿದ್ದ.

ಅವನು ಬಿದ್ದ ಸುದ್ದಿ ಬಂದಾಗ ಅವಳು ಹೊಲಿಗೆಯಂತ್ರದ ಮುಂದಿದ್ದಳು. ಯಂತ್ರಗಳ ಸದ್ದಿನಲ್ಲಿ ಫೋನಿನ ಮಾತು ಅರ್ಧ ಮಾತ್ರ ಕೇಳಿತು. "ಸಾರ್ ಬೋರ್ಡ್ ಮೇಲೆ ಬರೀತಾ ಇದ್ದೋರು ಹಾಗೇ ಕುಸಿದುಬಿಟ್ರಮ್ಮ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ" ಎಂದ ಒಬ್ಬ ವಿದ್ಯಾರ್ಥಿ. ಬಟ್ಟೆಗೆ ಇಸ್ತ್ರಿ ಹಾಕುವಾಕೆ ಅವಳ ಜೊತೆಗೆ ಓಡಿ ಬಂದಳು. ದಾರಿಯುದ್ದಕ್ಕೂ ಹೊಲಿಗೆಯಮ್ಮ ಒಂದೇ ಮಾತು ಹೇಳುತ್ತಿದ್ದಳು: "ಬೆಳಗ್ಗೆ ತಿಂಡಿ ತಿನ್ನದೆ ಹೋದ, ಅದಕ್ಕೇ ಇರ್ಬೇಕು."

ಅದಕ್ಕಲ್ಲ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು. ಬಲಗೈ ಬಲಗಾಲು ಸತ್ತಂತಾಗಿದ್ದವು. ಕೆಲವು ದಿನ ಕಣ್ಣು ತೆರೆಯುವುದೂ ಮುಚ್ಚುವುದೂ ಬಿಟ್ಟರೆ ಅವನಿಂದ ಬೇರೇನೂ ಆಗಲಿಲ್ಲ. ಕಡೆಗೊಂದು ಬೆಳಗ್ಗೆ ತಾಯಿ ಅವನ ಮುಖ ಒರೆಸುತ್ತಿದ್ದಾಗ ತುಟಿ ಅಲುಗಿತು. ಅವಳು ಬಾಗಿ ಕಿವಿ ಕೊಟ್ಟಳು.

"ಪ್ರಿಕೇರಿಯಸ್" ಎಂದ ಮಗ.

ಯಾರದೋ ಹೆಸರಿರಬೇಕು ಎಂದುಕೊಂಡಳು. ಡಾಕ್ಟರು ಬಂದು, ಬೆರಳು ತೋರಿಸಿ, ಪೆನ್ನು ತೋರಿಸಿ, ಅದೇನು ಇದೇನು ಎಂದು ಕೇಳಿದರು. ಅವನ ಬಾಯಿಂದ ಬಂದದ್ದೆಲ್ಲ ಇಂಗ್ಲಿಷ್. ಅದೂ ಪೆನ್ನು ಬೆರಳುಗಳಂಥ ಸಣ್ಣ ಪದವಲ್ಲ, ತರಗತಿಯಲ್ಲಿ ಹೇಳಿ ಹೇಳಿ ನಾಲಗೆಗೆ ಅಂಟಿಹೋಗಿದ್ದ ಉದ್ದುದ್ದ ಪದಗಳು. ಕೆಲವು ಸಂದರ್ಭಕ್ಕೆ ಸರಿಯಾಗಿ ಬರುತ್ತಿದ್ದವು, ಕೆಲವು ಎಲ್ಲಿಂದಲೋ ಉದುರುತ್ತಿದ್ದವು. ಮನೆಮಾತಿನ ಒಂದು ಶಬ್ದವೂ ಇರಲಿಲ್ಲ.

"ಕೆಲವರಿಗೆ ಹೀಗಾಗುತ್ತೆ" ಎಂದರು ಡಾಕ್ಟರು. "ಎರಡು ಭಾಷೆ ಇದ್ದೋರಿಗೆ ಯಾವುದು ಮೊದಲು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ. ನಿಮ್ಮ ಮಾತು ಅವರಿಗೆ ಸುಮಾರಾಗಿ ಅರ್ಥ ಆಗುತ್ತೆ. ತಿರುಗಿ ಹೇಳಕ್ಕೆ ಬರ್ತಿಲ್ಲ, ಅಷ್ಟೇ."

"ಅಷ್ಟೇನಾ?" ಎಂದಳು ಹೊಲಿಗೆಯಮ್ಮ. ಡಾಕ್ಟರು ಪಕ್ಕದ ಹಾಸಿಗೆಯತ್ತ ಹೋದರು.

ಮನೆಗೆ ಕರೆತಂದ ಮೇಲೆ ಕಷ್ಟ ಎಷ್ಟು ದೊಡ್ಡದೆಂದು ತಿಳಿಯಿತು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅವಳು ಹೋಟೆಲಿನಲ್ಲಿ ಅರ್ಧ ದಿನದ ಕೆಲಸ ಕೇಳಿ ಪಡೆದಳು. ಆ ಹೊತ್ತಿನಲ್ಲಿ ಕೆಳಮನೆಯ ನಿವೃತ್ತ ಡ್ರೈವರ್ ಬಂದು ಮಗನ ಹತ್ತಿರ ಕೂತಿರುತ್ತಿದ್ದ. ಮಗನಿಗೆ ಏನಾದರೂ ಬೇಕಾದಾಗ ಒಂದು ಪದ ಹೇಳುತ್ತಿದ್ದ. ಅವಳು ನೀರು ತಂದರೆ ಬೇಡವೆಂದು ತಲೆ ಆಡಿಸುತ್ತಿದ್ದ, ದಿಂಬು ತಂದರೆ ಮುಖ ತಿರುಗಿಸುತ್ತಿದ್ದ. ಹೌದು ಎನ್ನಬೇಕಾದಲ್ಲಿ ಇಲ್ಲವೆಂಬಂತೆ, ಇಲ್ಲ ಎನ್ನಬೇಕಾದಲ್ಲಿ ಹೌದೆಂಬಂತೆ ತಲೆ ಅಲುಗುತ್ತಿದ್ದುದೂ ಉಂಟು. ಸನ್ನೆ ಮಾಡಲು ಅವನ ಅಭಿಮಾನ ಒಪ್ಪುತ್ತಿರಲಿಲ್ಲ. ಒಂದು ದಿನ ಬಚ್ಚಲಿಗೆ ಹೋಗಬೇಕೆಂಬುದು ಅವಳಿಗೆ ತಿಳಿಯದೆ ಹಾಸಿಗೆ ಒದ್ದೆಯಾಯಿತು. ಅವಳು ಮಾತಿಲ್ಲದೆ ಹೊದಿಕೆ ಬದಲಾಯಿಸಿದಳು. ಅವನು ಎಡಗೈಯಿಂದ ಲೋಟ ಎತ್ತಿ ಗೋಡೆಗೆ ಎಸೆದ.

ಅದೇ ವಾರ ಅವನ ವಿದ್ಯಾರ್ಥಿಗಳು ಹಣ್ಣು ಹಿಡಿದು ನೋಡಲು ಬಂದರು. ಮೇಷ್ಟ್ರ ಬಾಯಿಂದ ಹಳೆಯ ಪದಗಳು ಹಳೆಯ ಗತ್ತಿನಲ್ಲೇ ಉರುಳಿದ್ದನ್ನು ಕೇಳಿ ಅವರಿಗೆ ಖುಷಿಯೋ ಖುಷಿ. "ಸಾರ್ ಏನೂ ಬದಲಾಗಿಲ್ಲ ಅಮ್ಮ, ಬೇಗ ಪಾಠಕ್ಕೆ ಬರ್ತಾರೆ ನೋಡಿ" ಎಂದು ಒಬ್ಬಳು ಬಾಗಿಲಲ್ಲಿ ಸಮಾಧಾನ ಹೇಳಿದಳು. ಹೊಲಿಗೆಯಮ್ಮ ಹೂಂ ಎಂದಳು. ಒಳಗೆ ಬಂದು ನೋಡಿದರೆ ಮಗನ ಕೆನ್ನೆಯ ಮೇಲೆ ನೀರು. ಯಾಕೆಂದು ಕೇಳಿದಳು. ಅವನು ಏನೋ ಅಂದ. ಅವಳಿಗೆ ತಿಳಿಯಲಿಲ್ಲ.

ಮಾತಿನ ಚಿಕಿತ್ಸೆ ಕೊಡುವಾಕೆ ಒಂದು ದಿನ ಹೇಳಿದಳು: "ಯಾವ ಬಾಗಿಲು ತೆರೆದಿದೆಯೋ ಆ ಬಾಗಿಲಿಂದಲೇ ಹೋಗ್ಬೇಕು ಅಮ್ಮ. ಇಂಗ್ಲಿಷ್ ಬಂದ್ರೆ ಇಂಗ್ಲಿಷಲ್ಲೇ ಮಾತಾಡ್ಸಿ. ಯಾರಾದ್ರೂ ಅವರ ಪದಕ್ಕೆ ಪದ ಕೊಡ್ತಾ ಇರ್ಬೇಕು. ಇಲ್ದಿದ್ರೆ ಅದೂ ಮುಚ್ಚಿಹೋಗುತ್ತೆ."

"ಮನೇಲಿರೋಳು ನಾನೊಬ್ಬಳೇ. ನನಗೆ ಬರಲ್ವಲ್ಲ."

"ಕಲೀರಿ" ಎಂದುಬಿಟ್ಟಳು ಆಕೆ. ಸುಮ್ಮನೆ ಅಂದ ಮಾತು. ಆಮೇಲೆ ಆಕೆಗೇ ಮರೆತುಹೋಗಿರಬಹುದು.

ಹೊಲಿಗೆಯಮ್ಮ ಮನೆಗೆ ಬಂದು ಕಪಾಟಿನಿಂದ ಮಗನ ಪುಸ್ತಕ ತೆಗೆದಳು. ಪ್ರತಿ ಪದವನ್ನೂ ಹೇಗೆ ಉಚ್ಚರಿಸಬೇಕೆಂದು ನಮ್ಮ ಅಕ್ಷರದಲ್ಲೇ ಬರೆದಿತ್ತು. ಅದರ ಕೆಳಗೆ ನಮ್ಮ ಭಾಷೆಯಲ್ಲಿ ಅರ್ಥ, ಅದರ ಕೆಳಗೆ ಬಳಕೆಯ ಒಂದು ವಾಕ್ಯ. ಪಾಠಗಳನ್ನು ವಿಷಯದ ಮೇಲೆ ವಿಂಗಡಿಸಿದ್ದ: ದೇಹ, ಹವೆ, ಊಟ, ಕೋಪ, ಕಾನೂನು, ಹೀಗೆ. ತಾನು ಓದಲಾರದ್ದು ಅದರಲ್ಲಿ ಏನೂ ಇಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಧೂಳು ಒರೆಸಿ ಇಡುತ್ತಿದ್ದಳೇ ಹೊರತು ಬಿಚ್ಚಿ ನೋಡಿರಲಿಲ್ಲ.

ದೇಹದ ಪಾಠದಿಂದ ಶುರುಮಾಡಿದಳು. ಪಾರ್ಚ್ಡ್ ಎಂದರೆ ಒಣಗಿಹೋದ, ತುಂಬ ಬಾಯಾರಿದ. ಫೆಟೀಗ್ ಎಂದರೆ ದಣಿವು. ಮಗ ಮೊದಲು ಅಂದಿದ್ದ ಪ್ರಿಕೇರಿಯಸ್ ಎಂದರೆ ಈಗಲೋ ಆಗಲೋ ಬೀಳುವಂತಿರುವ. ಹೊಲಿಯುವ ಕೋಣೆಯಲ್ಲಿ ಪರದೆಯ ಅಂಚು ಮಡಿಸುತ್ತ ಪದಗಳನ್ನು ಬಾಯಲ್ಲಿ ಆಡಿಸಿಕೊಳ್ಳುತ್ತಿದ್ದಳು. ಇಸ್ತ್ರಿಯಾಕೆ ಪುಸ್ತಕ ಹಿಡಿದು ಪರೀಕ್ಷೆ ತೆಗೆದುಕೊಳ್ಳುತ್ತಿದ್ದಳು.

"ಟೀಡಿಯಸ್?"

"ಮಾಡಿದ್ದೇ ಮಾಡಿ ಬೇಜಾರು ಬರಿಸೋ ಕೆಲಸ."

"ನಮ್ಮ ಕೆಲಸಕ್ಕೆ ಇಷ್ಟು ಚೆಂದದ ಹೆಸರಿದೆ ಅಂತ ಗೊತ್ತೇ ಇರ್ಲಿಲ್ಲ ಅಕ್ಕ" ಎಂದು ಇಸ್ತ್ರಿಯಾಕೆ ನಕ್ಕಳು. ಅಷ್ಟರಲ್ಲಿ ಮೇಲ್ವಿಚಾರಕ ಬಂದು ಪರದೆಗಳು ಎಲ್ಲಿ ಎಂದು ಗದರಿದಾಗ ಹೊಲಿಗೆಯಮ್ಮ ತಲೆ ಎತ್ತದೆ, "ವೆರಿ ಟೀಡಿಯಸ್ ಸಾರ್" ಎಂದಳು. ಅವನು ಬಂದ ದಾರಿಯಲ್ಲೇ ಹೊರಟುಹೋದ. ಇಸ್ತ್ರಿಯಾಕೆಗೆ ಆ ದಿನವಿಡೀ ನಗು ತಡೆಯಲಾಗಲಿಲ್ಲ.

ಮನೆಯಲ್ಲಿ ಅಷ್ಟು ಸುಲಭವಿರಲಿಲ್ಲ. ಅವಳ ಬಾಯಲ್ಲಿ ಆ ಪದಗಳು ಮೊದಲ ಸಲ ಬಂದಾಗ ಮಗ ಮುಖ ಸಿಂಡರಿಸಿದ. ಉಚ್ಚಾರ ತಪ್ಪಿರಬೇಕು. ಅವನಿಗೆ ಅದು ಯಾವತ್ತೂ ಸಹಿಸದ ವಿಷಯ. ಅವಳು ಬಿಡಲಿಲ್ಲ. "ಪಾರ್ಚ್ಡ್?" ಎಂದು ಲೋಟ ಹಿಡಿದು ನಿಲ್ಲುತ್ತಿದ್ದಳು. "ಫೆಟೀಗ್?" ಎಂದು ದಿಂಬು ಹಿಡಿದು ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಅವನು ಚಮಚವನ್ನು ದೂಡಿ, "ಇನ್‌ಸಿಪಿಡ್" ಎಂದ. ಅವಳು ಗಂಜಿಯ ಬಟ್ಟಲನ್ನು ಕೆಳಗಿಟ್ಟು ಪುಸ್ತಕದಲ್ಲಿ ಊಟದ ಪಾಠ ಬಿಡಿಸಿದಳು. ಬೆರಳು ಇಟ್ಟುಕೊಂಡು ಕೆಳಗಿಳಿದಳು. ಇನ್‌ಸಿಪಿಡ್: ಸಪ್ಪೆಯಾದ, ರುಚಿಯಿಲ್ಲದ.

"ಉಪ್ಪು ಕಮ್ಮಿಯಾಗಿದೆ ಅನ್ನಕ್ಕೆ ಇಷ್ಟುದ್ದ ಪದಾನಾ?" ಎಂದಳು. ಎದ್ದು ಹೋಗಿ ಉಪ್ಪು ಹಾಕಿ ತಂದಳು. ಅವನು ಪೂರ್ತಿ ಕುಡಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಹೇಳಿದ್ದು ಅವಳಿಗೆ ತಿಳಿದು, ಅದಕ್ಕೆ ತಕ್ಕ ಕೆಲಸ ಆದದ್ದು ಅದೇ ಮೊದಲು. ಬೈಸಿಕೊಂಡರೂ ಅವಳಿಗೆ ಹಬ್ಬವಾದಂತಾಯಿತು. ಆಮೇಲೆ ದಿನಕ್ಕೊಂದೆರಡು ಮಾತು ಕೂಡಿಬರತೊಡಗಿದವು. ಅವಳು ತಪ್ಪಿ ಹೇಳಿದ ಪದವನ್ನು ಅವನು ನಿಧಾನವಾಗಿ ತಿದ್ದಿ ಹೇಳುತ್ತಿದ್ದ, ಅವಳು ಮತ್ತೆ ಹೇಳುತ್ತಿದ್ದಳು. ಅವನ ಮುಖದಲ್ಲಿ ಮೇಷ್ಟ್ರ ಕಳೆ ಕೊಂಚ ಕೊಂಚ ಬರುತ್ತಿತ್ತು. ಒಮ್ಮೆ ಅವಳು ಹಟಮಾರಿ ಎಂಬರ್ಥದ ಪದವನ್ನು ಅವನತ್ತ ಬೊಟ್ಟುಮಾಡಿ ಹೇಳಿದಳು. ಅವನು ಎಡಗೈಯನ್ನು ಅವಳ ಕಡೆ ತಿರುಗಿಸಿ ಅದೇ ಪದ ಹೇಳಿದ. ಇಬ್ಬರೂ ನಕ್ಕರು. ಆ ಮನೆಯಲ್ಲಿ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಮೊದಲು ಆ ಮನೆಯಲ್ಲಿ ಸೊಸೆಯೂ ಇದ್ದಳು. ಮಗನ ತರಗತಿಗೇ ಬಂದು ಕಲಿತವಳು. ಮದುವೆಯಾದ ಮೇಲೆ ಗಂಡ ಹೆಂಡತಿ ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಅಭ್ಯಾಸ ತಪ್ಪಬಾರದು ಎನ್ನುತ್ತಿದ್ದ ಮಗ. ಜಗಳವೂ ಇಂಗ್ಲಿಷಿನಲ್ಲೇ. ಸಂಜೆ ತರಗತಿ ಮುಗಿಸಿ ಬಂದು ಕೋಣೆಯ ಬಾಗಿಲು ಹಾಕಿಕೊಂಡರೆ ಅಡುಗೆಮನೆಯಲ್ಲಿದ್ದ ತಾಯಿಗೆ ದನಿಗಳಷ್ಟೇ ಕೇಳುತ್ತಿದ್ದವು. 'ಮದರ್' ಎಂಬುದು ಗೊತ್ತಿದ್ದ ಪದ. ಅದು ಆಗಾಗ ಬರುತ್ತಿತ್ತು. ಅದರ ಹಿಂದೆ ಮುಂದೆ ಇನ್ನೆರಡು ಪದಗಳೂ ಎಷ್ಟು ಸಲ ಬಂದಿದ್ದವೆಂದರೆ, ಅರ್ಥ ತಿಳಿಯದಿದ್ದರೂ ಕಿವಿಯಲ್ಲಿ ಉಳಿದುಬಿಟ್ಟಿದ್ದವು. ತನ್ನನ್ನು ಮನೆಯಿಂದ ಹೊರಹಾಕಲು ಸೊಸೆ ಹಟ ಹಿಡಿದಿದ್ದಾಳೆ, ಮಗ ತಡೆಯುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು. ಕಡೆಗೆ ಸೊಸೆ ಪೆಟ್ಟಿಗೆ ಹಿಡಿದು ಹೊರಟ ದಿನ ಹೊಲಿಗೆಯಮ್ಮ ಬಾಗಿಲಲ್ಲಿ ನಿಂತು, "ಮನೆಹಾಳಿ, ಮತ್ತೆ ಈ ಕಡೆ ತಲೆ ಹಾಕ್ಬೇಡ" ಎಂದಿದ್ದಳು. ಮಗ ಒಳಗಿದ್ದ. ಅವನೂ ಕೇಳಿಸಿಕೊಂಡಿದ್ದ. ಏನೂ ಹೇಳಿರಲಿಲ್ಲ.

ಕಾನೂನಿನ ಪಾಠಕ್ಕೆ ಬಂದಾಗ ಅವಳು ಹೋಟೆಲಿನಲ್ಲಿದ್ದಳು. ಚಹಾದ ಬಿಡುವು. ಇಸ್ತ್ರಿಯಾಕೆ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದಳು. ಹೊಲಿಗೆಯಮ್ಮ ಮುಂದಿನ ಪದವನ್ನು ಗಟ್ಟಿಯಾಗಿ ಓದಿದಳು: "ಎನ್‌ಕಂಬ್ರನ್ಸ್." ಓದಿದ ಕೂಡಲೇ ಅವಳ ಕಿವಿ ಅದನ್ನು ಗುರುತಿಸಿತು. ಗೋಡೆಯಾಚೆಯಿಂದ ಬರುತ್ತಿದ್ದ ಪದ. ಕೆಳಗೆ ನೋಡಿದಳು. ಹೊರೆ. ಮುಂದಕ್ಕೆ ಸಾಗದಂತೆ ಅಡ್ಡಿಯಾಗುವ ವಸ್ತು ಅಥವಾ ವ್ಯಕ್ತಿ. ಬಳಕೆ: ಈಜುವವನಿಗೆ ಅವನ ಮೈಮೇಲಿನ ದಪ್ಪ ಕೋಟೇ ಎನ್‌ಕಂಬ್ರನ್ಸ್ ಆಯಿತು.

ಅವಳು ಎಷ್ಟೋ ಕೋಟುಗಳನ್ನು ಹೊಲಿದವಳು. ಒದ್ದೆಯಾದ ಉಣ್ಣೆಯ ಕೋಟು ಎಷ್ಟು ಭಾರವೆಂದು ಕೈಗೆ ಗೊತ್ತಿತ್ತು.

"ಯಾಕಕ್ಕ, ಮುಖ ಹಾಗಾಯ್ತು?" ಎಂದಳು ಇಸ್ತ್ರಿಯಾಕೆ.

"ಏನಿಲ್ಲ, ಬಿಸಿಲು" ಎಂದಳು. ನೆಲಮಾಳಿಗೆಯಲ್ಲಿ ಬಿಸಿಲೆಲ್ಲಿಂದ ಬರಬೇಕು.

ಆ ಪದವನ್ನು ಹೇಳುತ್ತಿದ್ದುದು ಗಂಡು ದನಿ. ಮೇಷ್ಟ್ರ ದನಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವ ದನಿ. ಅದರಲ್ಲಿ ಅನುಮಾನವಿರಲಿಲ್ಲ. ಸೊಸೆಯ ದನಿಯಲ್ಲಿ ಬರುತ್ತಿದ್ದ ಇನ್ನೊಂದು ಪದ 'ಕ್ಯಾಲಸ್'. ಅದನ್ನೂ ಹುಡುಕಿದಳು. ಕೋಪದ ಪಾಠದಲ್ಲಿತ್ತು, ಅವಳು ಆಗಲೇ ದಾಟಿ ಬಂದ ಪುಟದಲ್ಲಿ. ಆಗ ಮಗನನ್ನು ಮಾತಾಡಿಸುವ ಆತುರದಲ್ಲಿ ಅವಳ ಕಿವಿ ಅದನ್ನು ಹಿಡಿದಿರಲಿಲ್ಲ. ಕ್ಯಾಲಸ್: ಕಲ್ಲೆದೆಯ, ಇನ್ನೊಬ್ಬರ ನೋವಿಗೆ ಮರುಗದ.

ಮನೆಗೆ ಬಂದು ಎಂದಿನಂತೆ ಮಗನ ಕೈಕಾಲು ತಿಕ್ಕಿದಳು, ಔಷಧಿ ಕೊಟ್ಟಳು, ಊಟ ಮಾಡಿಸಿದಳು. ಮಾತು ಮಾತ್ರ ನಿಂತಿತು. ಅವನು ಪದ ಹೇಳಿದರೆ ಅದಕ್ಕೆ ತಕ್ಕದ್ದು ತಂದಿಡುತ್ತಿದ್ದಳು, ತಾನು ಬಾಯಿ ಬಿಡುತ್ತಿರಲಿಲ್ಲ. ಪುಸ್ತಕ ಕಪಾಟು ಸೇರಿತು. ಎರಡು ದಿನ ಕಳೆದ ಮೇಲೆ ಅವನಿಗೆ ದಿಗಿಲಾಯಿತು. ಗೊತ್ತಿದ್ದ ಪದಗಳನ್ನೆಲ್ಲ ಒಂದಾದ ಮೇಲೊಂದು ಹೇಳಿ ನೋಡಿದ, ಕೀಲಿಕೈ ಗೊಂಚಲಿನಲ್ಲಿ ಸರಿಯಾದದ್ದನ್ನು ಹುಡುಕುವವನ ಹಾಗೆ. ಅವಳು ಒಲೆಯ ಮುಂದೆ ಬೆನ್ನು ಮಾಡಿ ನಿಂತಿರುತ್ತಿದ್ದಳು.

ಆ ವಾರದ ರಜೆಯ ದಿನ ಡ್ರೈವರನ್ನು ಮಗನ ಹತ್ತಿರ ಕೂರಿಸಿ ಅವಳು ಸೊಸೆಯನ್ನು ಹುಡುಕಿಕೊಂಡು ಹೋದಳು. ಸೊಸೆ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆಂದು ಕೇಳಿ ತಿಳಿದಿದ್ದಳು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಾಗ ಸೊಸೆ ಒಬ್ಬ ಮುದುಕರ ಕಿವಿಯ ಹಿಂದೆ ಕನ್ನಡಕದ ಕಡ್ಡಿಯನ್ನು ಬಗ್ಗಿಸಿ ಕೂರಿಸುತ್ತಿದ್ದಳು. ಅವಳನ್ನು ನೋಡಿದಳು. ಮುಖ ಬದಲಾಗಲಿಲ್ಲ. ಮುದುಕರನ್ನು ಕಳಿಸಿದ ಮೇಲೆ ಕುರ್ಚಿ ಎಳೆದಳು.

"ಕೂತ್ಕೊಳ್ಳಿ ಅತ್ತೆ." ಅಭ್ಯಾಸದಿಂದ ಬಂದ ಕರೆ ಅದು. ಅಂದ ಮೇಲೆ ಸೊಸೆಗೇ ಮುಜುಗರವಾದಂತಿತ್ತು. "ಅವರು ಹೇಗಿದಾರೆ?"

"ನಿಂಗೆ ಗೊತ್ತಾ?"

"ಗೊತ್ತು. ಆಸ್ಪತ್ರೆ ಬಾಗಿಲ ತನಕ ಬಂದಿದ್ದೆ. ಒಳಗೆ ನೀವಿರ್ತೀರಿ ಅಂತ ವಾಪಸ್ ಹೋದೆ."

ಹೊಲಿಗೆಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಹೇಗೆ ಶುರುಮಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆಲ್ಲ ಹಾರಿಹೋಗಿತ್ತು. "ನಾನು ಅವನ ಪುಸ್ತಕ ಓದ್ತಿದೀನಿ" ಎಂದಳು. "ಎನ್‌ಕಂಬ್ರನ್ಸ್ ಅಂದ್ರೇನು ಅಂತ ತಿಳೀತು."

ಸೊಸೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಅದನ್ನ ಅಂದಿದ್ದು ಯಾರು? ನೀನಾ, ಅವನಾ? ಗೋಡೆ ಅಡ್ಡ ಇತ್ತು. ನನ್ನ ಕಿವಿ ತಪ್ಪಾಗಿ ಕೇಳಿರಬಹುದು."

ಸೊಸೆ ಮೇಜಿನ ಮೇಲಿದ್ದ ಒಂದು ಕನ್ನಡಕವನ್ನು ಮಡಿಸಿ ಡಬ್ಬಿಯಲ್ಲಿಟ್ಟಳು. "ನಾನೇ ಅಂದಿದ್ದು ಅಂದ್ರೆ ನಿಮಗೆ ಸಮಾಧಾನ ಆಗುತ್ತಾ?"

"ಆಗುತ್ತೆ."

"ಹಾಗಾದ್ರೆ ನಾನೇ ಅಂದೆ ಅಂತ ಇಟ್ಕೊಳ್ಳಿ."

ಹೊಲಿಗೆಯಮ್ಮ ತಲೆಯಾಡಿಸಿದಳು. "ಬೇಡ. ಇದ್ದಿದ್ದು ಇದ್ದಂಗೆ ಹೇಳಮ್ಮ."

ಸೊಸೆ ಹೇಳಿದಳು. ಊರಾಚೆ ವಯಸ್ಸಾದವರನ್ನು ಇಟ್ಟುಕೊಳ್ಳುವ ಒಂದು ಮನೆಯನ್ನು ಮಗ ನೋಡಿಕೊಂಡು ಬಂದಿದ್ದ. ತಾಯಿಯನ್ನು ಅಲ್ಲಿ ಸೇರಿಸಿ, ಅವಳ ಕೋಣೆಯಲ್ಲಿ ಬೆಳಗಿನ ತರಗತಿ ನಡೆಸುವುದು ಅವನ ಯೋಚನೆ. ಮನೆಗೆ ಬರುವ ವಿದ್ಯಾರ್ಥಿಗಳ ಮುಂದೆ ಅಮ್ಮ ನೆಲಮಾಳಿಗೆಯ ಮಾತು ಆಡುತ್ತಾಳೆ, ತನ್ನನ್ನು ಮೇಲಕ್ಕೆ ಹೋಗಲು ಬಿಡುವುದಿಲ್ಲ ಎನ್ನುತ್ತಿದ್ದನಂತೆ. ಸೊಸೆ ಒಪ್ಪಿರಲಿಲ್ಲ.

"ಆದ್ರೆ ಅದೊಂದಕ್ಕೇ ಬಿಟ್ಟು ಬಂದೆ ಅಂತ ಅನ್ಕೋಬೇಡಿ" ಎಂದಳು. "ನನ್ನನ್ನ ದೊಡ್ಡವಳು ಮಾಡ್ಬೇಡಿ. ನನ್ನವೂ ಬೇರೆ ಕಾರಣ ಇದ್ವು. ಅವರಿಗೆ ಕಷ್ಟದ ಪದ ಎಲ್ಲ ಬರ್ತಿತ್ತು. 'ಊಟ ಆಯ್ತಾ' ಅಂತ ಒಂದು ದಿನ ಕೇಳಿದವರಲ್ಲ. ನನಗೆ ಅದು ಸಾಕಾಗಿ ಹೋಗಿತ್ತು."

"ಆವತ್ತು ಬಾಗಿಲಲ್ಲಿ ನಿಂಗೆ ಮನೆಹಾಳಿ ಅಂದೆ."

"ಅಂದ್ರಿ."

"ತಪ್ಪಾಯ್ತು ಕಣಮ್ಮ."

ಸೊಸೆ ಗಿರಾಕಿಗಳಿಗಾಗಿ ಇಟ್ಟಿದ್ದ ಕನ್ನಡಿಯತ್ತ ನೋಡುತ್ತ ಕೂತಳು. ಕಣ್ಣು ಕೆಂಪಾಗಿದ್ದವು. "ಎಷ್ಟು ದಿನ ಆ ಮಾತು ನನ್ನ ಜೊತೇಲೇ ಮಲಗಿ ಜೊತೇಲೇ ಏಳ್ತಿತ್ತು ಗೊತ್ತಾ" ಎಂದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಆದರೆ ಬಾಗಿಲ ತನಕ ಬಂದಳು. ಹೊಲಿಗೆಯಮ್ಮನ ಮೂಗಿನ ಮೇಲೆ ಜಾರುತ್ತಿದ್ದ ಕನ್ನಡಕವನ್ನು ತೆಗೆದು, ಸಣ್ಣ ತಿರುಪುಳಿಯಿಂದ ಬಿಗಿಮಾಡಿ, ತಾನೇ ಕೂರಿಸಿದಳು.

ಅವಳು ಮನೆಗೆ ಬಂದಾಗ ಸಂಜೆಯ ಬೆಳಕು ಕೋಣೆಯಲ್ಲಿತ್ತು. ಡ್ರೈವರ್ ಎದ್ದು ಹೋದ. ಮಗ ದಿಂಬಿಗೆ ಒರಗಿ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಚೀಲ ಕೆಳಗಿಟ್ಟು ಅವನೆದುರು ಮಂಚದ ಮೇಲೆ ಕೂತಳು.

"ನಿನ್ನ ಹೆಂಡತೀನ ನೋಡ್ಕೊಂಡು ಬಂದೆ."

ಅವನು ಕದಲಲಿಲ್ಲ.

"ನನ್ನ ಮಾತು ಅರ್ಥ ಆಗುತ್ತೆ ತಾನೇ ನಿಂಗೆ? ಆಗ್ಲಿ. ಎನ್‌ಕಂಬ್ರನ್ಸ್." ಅವಳು ಆ ಪದವನ್ನು ಅವನು ಹೇಳುವಂತೆಯೇ ಬಿಡಿಸಿ ಹೇಳಿದಳು. ಒಂದಕ್ಷರವೂ ತಪ್ಪಲಿಲ್ಲ. "ಹೊರೆ ಅಂತ ಅರ್ಥ. ಕಲ್ತಿದೀನಿ."

ಅವನು ಬಾಯಿ ತೆರೆದ. ಏನೋ ಒಂದು ಪದ ಬಂತು, ಅದು ಹವೆಯ ಪಾಠದ್ದು. ಇನ್ನೊಂದು ಬಂತು, ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಬೇಕಾದ್ದು ಸಿಗದೆ ಎಡಗೈಯಿಂದ ತನ್ನ ತೊಡೆಗೆ ಹೊಡೆದುಕೊಂಡ. ಅವಳು ಆ ಕೈಯನ್ನು ಹಿಡಿದು ಕೆಳಗಿಟ್ಟಳು.

"ಹೊಡ್ಕೋಬೇಡ. ಆಮೇಲೆ ಅದನ್ನೂ ನಾನೇ ತಿಕ್ಬೇಕು" ಎಂದಳು. ಅವಳ ದನಿ ಏರಲಿಲ್ಲ. "ನೀನು ಹಾಗಂದಾಗ ನಿಂಗೆ ಎರಡು ಕೈ ಎರಡು ಕಾಲು ನೆಟ್ಟಗಿದ್ವು. ನೀನೇ ದುಡ್ಡು ತಂದು ಹಾಕ್ತಿದ್ದೆ, ನನ್ನಿಂದ ನಿಂಗೇನೂ ಆಗ್ಬೇಕಿರ್ಲಿಲ್ಲ. ಸರಿ. ಈಗ ನಾನು ಒಂದು ಮಾತು ಹೇಳ್ತೀನಿ, ಕೇಳಿಸ್ಕೋ. ನೀನೂ ನಂಗೆ ಹೊರೆನೇ ಕಣೋ. ಸುಳ್ಳು ಹೇಳಲ್ಲ. ಬೆನ್ನು ಬಿದ್ದುಹೋಗುತ್ತೆ, ಹೊಲಿಯಕ್ಕೆ ಕೂತ್ರೆ ಕಣ್ಣಿಗೆ ಕತ್ತಲೆ ಕಟ್ಟುತ್ತೆ. ಒಂದೊಂದು ದಿನ ಈ ಮೆಟ್ಟಿಲು ಹತ್ತೋವಾಗ, ಹತ್ತದೇ ಇದ್ದುಬಿಡ್ಲಾ ಅನ್ಸುತ್ತೆ. ಆದ್ರೂ ಹತ್ತಿ ಬರ್ತೀನಿ. ಯಾಕೆ ಅಂತ ಕೇಳಿದ್ರೆ ನಂಗೂ ಗೊತ್ತಿಲ್ಲ. ನೀನು ಚಿಕ್ಕೋನಿದ್ದಾಗಲೂ ಗೊತ್ತಿರ್ಲಿಲ್ಲ."

ಅವನು ಅಳುತ್ತಿದ್ದ. ಅಳುವಿನ ನಡುವೆ ಮತ್ತೆ ಮತ್ತೆ ಒಂದೇ ಪದ ಹೇಳುತ್ತಿದ್ದ: "ರಿಮೋರ್ಸ್. ರಿಮೋರ್ಸ್." ಮಾಡಿದ್ದಕ್ಕೆ ಒಳಗೊಳಗೇ ಬೇಯುವುದು ಎಂದು ಆ ಪದದ ಅರ್ಥ. ಅದಿದ್ದ ಪಾಠಕ್ಕೆ ಅವಳು ಇನ್ನೂ ಬಂದಿರಲಿಲ್ಲ. ಅವನ ಕಣ್ಣು ಕಪಾಟಿನತ್ತ ಹೋಯಿತು, ಪುಸ್ತಕದತ್ತ. ತೆಗೆದು ನೋಡು ಎಂಬಂತೆ ಎಡಗೈ ಚಾಚಿದ.

ಅವಳು ಪುಸ್ತಕವನ್ನು ನೋಡಿದಳು. ಎದ್ದು ತೆಗೆಯಲಿಲ್ಲ.

"ಅದು ಏನೇ ಆಗಿರ್ಲಿ, ಪುಸ್ತಕದಲ್ಲಿ ನೋಡಿ ತಿಳ್ಕೊಳಲ್ಲ" ಎಂದಳು. "ನಂಗೆ ಗೊತ್ತಿರೋ ಮಾತಲ್ಲಿ ಹೇಳು. ಬಂದಾಗ ಹೇಳು. ಬರದಿದ್ರೆ ಬೇಡ."

ಅವನಿಗೆ ಊಟ ಕೊಟ್ಟಳು. ಅವನು ತಿನ್ನಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ತಾನು ಮಾತ್ರ ಹೊಟ್ಟೆ ತುಂಬ ಉಂಡಳು, ಆ ವಾರದಲ್ಲಿ ಮೊದಲ ಸಲ.

ಮಾರನೆಯ ದಿನ ಅವಳು ಪುಸ್ತಕ ತೆಗೆದಳು. ಕಾನೂನಿನ ಪಾಠವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಚಿಕಿತ್ಸೆ ಕೊಡುವಾಕೆ ಹೇಳಿದ್ದ ಮಾತು ನಿಜವೆಂದು ಅವಳಿಗೆ ಅನಿಸಿತ್ತು. ಮಾತು ನಿಲ್ಲಿಸಿದ ದಿನಗಳಲ್ಲಿ ಮಗನ ಪದಗಳು ಕಡಿಮೆಯಾಗಿದ್ದವು. ಇದ್ದ ಬಾಗಿಲನ್ನೂ ತಾನೇ ಮುಚ್ಚಿದ ಪಾಪ ಬೇಡವೆಂದುಕೊಂಡಳು. ಆದರೆ ಮೊದಲಿನ ಉತ್ಸಾಹವಿರಲಿಲ್ಲ. ಗುಂಡಿ ಹೊಲಿಯುವ ಹಾಗೆ ಅದೂ ಒಂದು ಕೆಲಸವಾಯಿತು. ಅವನು ಅವಳ ಉಚ್ಚಾರ ತಿದ್ದುವುದನ್ನು ಬಿಟ್ಟ. ಅವಳು ತಪ್ಪಾಗಿ ಹೇಳಿದರೂ ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದ. ಅವಳಿಗೆ ಅದು ಹಿಡಿಸಲಿಲ್ಲ. "ತಿದ್ದು" ಎಂದು ಗದರಿದಳು. "ತಪ್ಪು ಕಲಿಸ್ಬೇಡ." ಅವನು ತಿದ್ದಿದ.

ಸೊಸೆ ಒಮ್ಮೆ ಬಂದುಹೋದಳು. ಹೊಸ್ತಿಲ ಹೊರಗೇ ಕೊಂಚ ನಿಂತು, ಹೊಲಿಗೆಯಮ್ಮ "ಬಾ ಒಳಗೆ" ಎಂದ ಮೇಲೆ ಬಂದಳು. ಗಂಡನ ಹತ್ತಿರ ಒಂದಿಷ್ಟು ಹೊತ್ತು ಕೂತಿದ್ದಳು. ಅವರು ಏನು ಮಾತಾಡಿಕೊಂಡರೆಂದು ಹೊಲಿಗೆಯಮ್ಮ ಕಿವಿಗೊಡಲಿಲ್ಲ. ಈಗ ಕಿವಿಗೊಟ್ಟರೆ ತಿಳಿಯುತ್ತದೆ, ಅದಕ್ಕೇ ಅಡುಗೆಮನೆಯಲ್ಲಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆದಳು. ಹೊರಡುವಾಗ ಸೊಸೆ, "ನಾನು ವಾಪಸ್ ಬರಲ್ಲ ಅತ್ತೆ" ಎಂದಳು. "ಗೊತ್ತು ಕಣಮ್ಮ" ಎಂದಳು ಹೊಲಿಗೆಯಮ್ಮ. ಇಬ್ಬರೂ ಕಾಫಿ ಕುಡಿದರು.

ತರಗತಿಗೆ ಬೇರೊಬ್ಬ ಮೇಷ್ಟ್ರು ಬಂದರು. ಮಗ ಊರುಗೋಲು ಹಿಡಿದು ಕೋಣೆಯಿಂದ ಕೋಣೆಗೆ ನಡೆಯತೊಡಗಿದ. ಮಳೆಗಾಲ ಕಳೆಯುವ ಹೊತ್ತಿಗೆ ಮನೆಮಾತಿನ ಒಂದೊಂದೇ ಶಬ್ದ ಹಿಂತಿರುಗಿತು. ಮೊದಲು ಬಂದದ್ದು 'ಸಾಕು', ಅವಳು ಇನ್ನೊಂದು ಸೌಟು ಬಡಿಸುವಾಗ. ಆಮೇಲೆ ಡ್ರೈವರ್ ಕಲಿಸಿದ್ದಿರಬಹುದಾದ ಒಂದು ಬೈಗುಳ. ಕ್ಷಮೆಯ ಮಾತು ಬರಲಿಲ್ಲ. ಬರುವಷ್ಟು ಭಾಷೆ ಬಂದ ಮೇಲೂ ಬರಲಿಲ್ಲ. ಅವನು ಹೇಳಲು ಬಾಯಿ ತೆರೆದು ಮುಚ್ಚಿದ್ದನ್ನು ಅವಳು ಒಂದೆರಡು ಸಲ ಕಂಡಿದ್ದಳು. ನೆನಪು ಮಾಡಿಕೊಡಲಿಲ್ಲ.

"ಕೇಳೋದಲ್ವಾ ಅಕ್ಕ ನೀವೇ, ಹೇಳ್ತಾನೆ" ಎಂದಳು ಇಸ್ತ್ರಿಯಾಕೆ.

"ಕೇಳಿ ಇಸ್ಕೊಂಡ್ರೆ ಅದು ನನ್ನ ಮಾತಾಗುತ್ತೆ, ಅವನದಲ್ಲ" ಎಂದಳು ಹೊಲಿಗೆಯಮ್ಮ, ದಾರ ಪೋಣಿಸುತ್ತ.

ಆಮೇಲೊಂದು ಬೆಳಗ್ಗೆ ಅವಳು ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಮಗನ ದನಿ ಬಂತು. ಒಂದೊಂದು ಶಬ್ದವನ್ನೂ ಎತ್ತಿ ಇಡುವಂತೆ ನಿಧಾನವಾಗಿ ಕೇಳಿದ: "ಎಷ್ಟೊತ್ತಿಗೆ... ಬರ್ತೀಯ?"

ಅವಳು ತಿರುಗಿ ನೋಡಿದಳು. ಅವನು ಊರುಗೋಲಿಗೆ ಭಾರ ಬಿಟ್ಟು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಮುಖ ಕೆಂಪಗಾಗಿತ್ತು, ಹೇಳಿದ ಶ್ರಮಕ್ಕೋ, ಬೇರೆ ಯಾವುದಕ್ಕೋ. ಅವನಿಗೆ ಮೀಸೆ ಬಂದ ಮೇಲೆ ಅವಳು ಎಲ್ಲಿಗೆ ಹೋಗುತ್ತಾಳೆ, ಯಾವಾಗ ಬರುತ್ತಾಳೆ ಎಂದು ಅವನು ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

"ಮಧ್ಯಾಹ್ನ ಊಟದ ಹೊತ್ತಿಗೆ" ಎಂದಳು. "ಮುಚ್ಚಿಟ್ಟಿದೀನಿ, ಹಸಿವಾದ್ರೆ ತಿನ್ನು, ನನಗೆ ಕಾಯ್ಬೇಡ."

ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಅವಳು ಬಾಗಿಲೆಳೆದುಕೊಂಡು ಮೆಟ್ಟಿಲಿಳಿದಳು. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಕೈಯಿಟ್ಟು ಕೊಂಚ ನಿಂತಳು. ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಆ ಬಸ್ಸು ತಪ್ಪಿದರೆ ಮೇಲ್ವಿಚಾರಕ ಸುಮ್ಮನೆ ಬಿಡುವವನಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಗ ಬೇಗ ಇಳಿದು ಹೋದಳು.